ನಾಯಿಯ ಪಾಲು: ಕಿರ್ಗಿಜ್ ಬೆಟ್ಟದಲ್ಲಿ ಮೈಲಾರಿ ಮಾವನ ಜೊತೆ

ಬೆಂಗಳೂರು

ಮೈಲಾರಿ ಮಾವನ ಚೂರಿಗೆ ವಿಮಾನ ಹತ್ತುವ ಯೋಗ ಇರಲಿಲ್ಲ. ತಪಾಸಣೆಯ ಹುಡುಗಿ ಅದನ್ನು ಕಂಬಳಿಯ ಮಡಿಕೆಯಿಂದ ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಯಾತಕ್ಕೆ ತಾತಾ?” ಎಂದಳು.

“ಕುರಿ ತಲಿ ತೆರಿಯಾಕವ್ವ,” ಎಂದ ಮಾವ, ಬಸ್ಸಿನಲ್ಲಿ ಇಳಿಯುವ ಊರು ಹೇಳಿದಷ್ಟು ಸಲೀಸಾಗಿ.

ಅವಳ ಹಿಂದಿದ್ದ ಇಬ್ಬರು ಮುಂದೆ ಬಂದರು. ನಾನು ಕೈ ಮುಗಿದು ವಿವರಿಸಿದಷ್ಟೂ ಸಂಗತಿ ಕೆಡುತ್ತಾ ಹೋಯಿತು. ಕುರಿಗೆ ತಿರುಗು ಬ್ಯಾನಿ ಅಂತ ಬರುತ್ತದೆ ಮೇಡಂ, ತಲೆಯೊಳಗೆ ನೀರಿನ ಚೀಲ ಕಟ್ಟುತ್ತದೆ, ಪಾಪ ನಿಂತಲ್ಲೇ ಸುತ್ತುತ್ತದೆ, ಇವರು ಬುರುಡೆ ತೆರೆದು ಚೀಲ ತೆಗೆದರೆ ಬದುಕುತ್ತದೆ. ಆ ಹುಡುಗಿ ನನ್ನನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿ ಚೂರಿಯನ್ನು ಡಬ್ಬಿಗೆ ಹಾಕಿದಳು. ಮೈಲಾರಲಿಂಗಪ್ಪನ ಭಂಡಾರದ, ಅಂದರೆ ಅರಿಸಿನಪುಡಿಯ, ಸಂಚಿಯನ್ನು ಮಾತ್ರ ಮೂಸಿ ನೋಡಿ ವಾಪಸು ಕೊಟ್ಟಳು.

ಮಾವ ಅಂದರೆ ನನ್ನ ತಾಯಿಯ ಅಣ್ಣ, ಗುಡೇಕೋಟೆಯವನು. ಎಪ್ಪತ್ತೆಂಟು ದಾಟಿದೆ. ನನ್ನ ಅಪ್ಪ ಬೇಗ ತೀರಿಕೊಂಡದ್ದರಿಂದ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಮಾತು ಕಲಿಸಿದವನು ಅವನೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನಲ್ಲಿ ಎಲ್ಲಿ ಕುರಿ ಸುತ್ತಿದರೂ ಅವನಿಗೆ ಕರೆ ಬರುತ್ತದೆ. ಅವನ ಕೈಯಲ್ಲಿ ಕಲಿತ ಕುರಿಗಾರರು ಊರೂರಿಗೂ ಇದ್ದಾರೆ. ನಾನಾದರೋ ಪಶು ಆಸ್ಪತ್ರೆಯಲ್ಲಿ ಕುರಿಗಳಿಗೆ ಔಷಧಿ ಕುಡಿಸುತ್ತಾ, ಸೂಜಿ ಚುಚ್ಚುತ್ತಾ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಕಿರ್ಗಿಜ್ ದೇಶದಲ್ಲಿ ಕುರಿಗಾರರ ಸಮಾವೇಶವಿದೆ, ಒಬ್ಬ ಅನುಭವಸ್ಥ ಬೇಕು, ಜೊತೆಗೆ ಹಿಂದಿ ಬಲ್ಲವನೊಬ್ಬ ಬೇಕು ಎಂದು ನಮ್ಮ ಕಡೆಯ ಸಂಘದವರು ಹೇಳಿಕಳಿಸಿದಾಗ ಮಾವ, “ಅಲ್ಲಿ ಕುರಿ ಅದಾವೇನು?” ಎಂದಷ್ಟೇ ಕೇಳಿ ಹೊರಟು ನಿಂತಿದ್ದ.

ವಿಮಾನದಲ್ಲಿ ಕೂತ ಮೇಲೂ ಅವನಿಗೆ ಚೂರಿಯದೇ ಚಿಂತೆ. “ಲೇ ಕೊಟ್ರಾ, ಬರೋವಾಗ ಕೊಡ್ತಾರೇನಲೇ ಅದನ್ನ?”

“ಇಲ್ಲ ಮಾವ.”

“ಹಂಗಾರ ಆ ಹುಡಿಗಿ ಮನ್ಯಾಗ ಕುರಿ ಇರಬೇಕು ಬಿಡು,” ಎಂದು ಸಮಾಧಾನ ಮಾಡಿಕೊಂಡ.

ಬಿಶ್ಕೇಕಿನಿಂದ ಬೆಟ್ಟಕ್ಕೆ

ಬಿಶ್ಕೇಕ್ ಅವರ ರಾಜಧಾನಿ. ಸಮಾವೇಶದ ಭಾಷಣಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಭಾಷಣ ಎಲ್ಲ ಕಡೆಯೂ ಭಾಷಣವೇ. ಎರಡು ದಿನ ಅದು ಮುಗಿದ ಮೇಲೆ ಬಂದವರನ್ನೆಲ್ಲ ಹಂಚಿ, ಬೇಸಿಗೆಯ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟ ಕುರಿಗಾರರ ಮನೆಗಳಿಗೆ ಕಳಿಸಿದರು. ನಮ್ಮ ಪಾಲಿಗೆ ಆಯ್ಗುಲ್ ಎಂಬ ಪಶುವೈದ್ಯೆ ಬಂದಳು. ಮೂವತ್ತರ ಆಸುಪಾಸು, ಗಂಡಸಿನ ಹಾಗೆ ಜೀಪು ಓಡಿಸುತ್ತಾಳೆ. ಅಲ್ಲಿ ಡಾಕ್ಟರಿಕೆ ಓದಲು ನಮ್ಮ ದೇಶದ ಮಕ್ಕಳು ಬಹಳ ಬರುತ್ತಾರಂತೆ. ಆಯ್ಗುಲ್‌ಳ ತಾಯಿ ಮಹಡಿಯ ಕೋಣೆಗಳನ್ನು ಅಂಥವರಿಗೇ ಬಾಡಿಗೆಗೆ ಕೊಟ್ಟವಳು. ಹಾಗಾಗಿ ಈಕೆಗೆ ಹಿಂದಿ ಚೆನ್ನಾಗಿ ಬರುತ್ತದೆ, ನನ್ನ ಬಳ್ಳಾರಿ ಹಿಂದಿಗಿಂತ ಚೆನ್ನಾಗಿ.

ದಾರಿಯುದ್ದಕ್ಕೂ ಮಾವ ಅವರ ಮಾತಿಗೆ ಕಿವಿಗೊಟ್ಟಿದ್ದ. ಬಜಾರ್ ಅಂದರೆ ಬಜಾರವೇ, ಮೈದಾನ ಅಂದರೆ ಮೈದಾನವೇ, ಫಾಯಿದೆಗೂ ತಯಾರಿಗೂ ಹೆಚ್ಚುಕಡಿಮೆ ನಮ್ಮದೇ ಮಾತು. “ಇವರು ನಮ್ಮ ಕಡೆಯಿಂದ ಹೋದೋರಾ, ಇಲ್ಲಾ ನಾವ ಇಲ್ಲಿಂದ ಬಂದೋರಾ?” ಎಂದು ಕೇಳಿದ. ನಾನು ಅದನ್ನು ಹಿಂದಿಯಲ್ಲಿ ಹೇಳಿದ್ದಕ್ಕೆ ಆಯ್ಗುಲ್ ಬಿದ್ದು ಬಿದ್ದು ನಕ್ಕಳು.

ಬೆಟ್ಟ ಎಂದರೆ ನಮಗೆ ಗುಡೇಕೋಟೆಯ ಬಂಡೆಗಲ್ಲು, ಜಾಲಿಪೊದೆ, ಅಲ್ಲಲ್ಲಿ ಬಿಸಿಲಿಗೆ ಕಾದ ಹುಲ್ಲು. ಇಲ್ಲಿ ಬೆಟ್ಟದ ತಲೆಯ ಮೇಲೆ ಜುಲೈ ತಿಂಗಳಲ್ಲೂ ಹಿಮ, ಕೆಳಗೆ ಕಣ್ಣು ಹಾಯುವವರೆಗೆ ಹಸುರು. ಮಾವ ಜೀಪಿನಿಂದ ಇಳಿದವನೇ ಕೂತು ಒಂದು ಹಿಡಿ ಹುಲ್ಲು ಕಿತ್ತು ಅಗಿದು ನೋಡಿದ. “ಸಪ್ಪಗೈತಿ,” ಎಂದ. “ನಮ್ಮ ಕುರಿ ಇಲ್ಲಿ ಬಂದ್ರ ಉಪ್ಪು ಕೇಳ್ತಾವ.” ಅಷ್ಟರಲ್ಲಿ ಅವರ ಕುರಿಗಳು ಕಂಡವು. ಬಾಲದ ಜಾಗದಲ್ಲಿ ಎರಡು ದೊಡ್ಡ ಕೊಬ್ಬಿನ ಗಡ್ಡೆ, ನಡೆದರೆ ಅಲ್ಲಾಡುತ್ತವೆ. “ಅಯ್ಯಯ್ಯ, ಬುತ್ತಿ ಗಂಟು ಹಿಂದ ಕಟ್ಟಿಕೊಂಡು ಬಂದಾವಲ್ಲಲೇ!” ಎಂದ.

ಮೊದಲ ಸಂಜೆ

ನಮ್ಮನ್ನು ಉಳಿಸಿಕೊಂಡ ಮನೆಯ ಯಜಮಾನಿ ಬೂರುಲ್, ಅರವತ್ತೈದರ ಅಜ್ಜಿ. ಮಗ ಕೆಳಗಿನ ಊರಿನಲ್ಲಿ ಹುಲ್ಲು ಕೊಯ್ಯಲು ಹೋಗಿದ್ದ. ಸೊಸೆ ಜಿಪಾರ್ ಮತ್ತು ಅವಳ ಮೂರು ವರ್ಷದ ಮಗಳು ಅಜ್ಜಿಯ ಜೊತೆಗಿದ್ದರು. ಮನೆ ಎಂದರೆ ಉಣ್ಣೆಯ ದುಂಡನೆಯ ಗುಡಾರ. ಮಾವ ಗೋಡೆಯನ್ನು ಸವರಿ ಸವರಿ ನೋಡಿದ. “ನೇಯ್ದಿಲ್ಲಲೇ ಇದು. ಉಣ್ಣಿ ಹಾಸಿ, ನೀರು ಹೊಡದು, ತುಳದಾರ.” ತನ್ನ ಕಂಬಳಿಯನ್ನು ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟ. ಅವಳು ಅದರ ಎಳೆಯನ್ನು ಉಗುರಿನಿಂದ ಎಳೆದು ನೋಡಿ ತಲೆದೂಗಿದಳು. ಅರ್ಧ ಗಂಟೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿದರು, ಆಯ್ಗುಲ್ ಆಗಲಿ ನಾನಾಗಲಿ ಬೇಕಾಗಲೇ ಇಲ್ಲ.

ಕುದುರೆಯ ಹಾಲನ್ನು ಹುಳಿ ಬರಿಸಿದ ಪಾನೀಯ ಕೊಟ್ಟರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮಾವ ಬಟ್ಟಲು ಬರಿದು ಮಾಡಿ, “ಮೂರು ದಿನದ ಜ್ವಾಳದ ಅಂಬಲಿ ಹಂಗ ಐತಿ, ಕುಡಿ,” ಎಂದು ನನ್ನದನ್ನೂ ಕುಡಿದ.

ಆಮೇಲೆ ಒಂದು ಎಡವಟ್ಟಾಯಿತು. ಅಜ್ಜಿ ಒಂದು ಕೊಬ್ಬಿದ ಟಗರನ್ನು ಬಾಗಿಲಿಗೆ ತಂದು ನಿಲ್ಲಿಸಿ ಕೈ ಒಡ್ಡಿ ನಿಂತಳು. ಹಿರಿಯ ಅತಿಥಿ ಹರಸಬೇಕು ಎಂಬುದಷ್ಟೇ ನಮಗೆ ತಿಳಿಯಿತು. ಮಾವ ಸೊಂಟದ ಸಂಚಿಯಿಂದ ಭಂಡಾರ ತೆಗೆದು ಟಗರಿನ ಹಣೆಗೆ ಹಚ್ಚಿ, “ಏಳುಕೋಟಿ! ನೂರು ವರ್ಷ ಬಾಳು ನನ್ನಪ್ಪಾ,” ಎಂದ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಟಗರನ್ನು ಗುಡಾರದ ಹಿಂದಕ್ಕೆ ಕರೆದೊಯ್ದರು. ಕತ್ತಲಾಗುವ ಮುಂಚೆ ಅದರ ತಲೆ ಬೆಂದು ತಟ್ಟೆಯಲ್ಲಿ ಮಾವನ ಮುಂದೆ ಬಂತು, ಗೌರವದ ಪಾಲು ಅಂತ. ಅತಿಥಿಗೆ ಕುರಿ ಕಡಿಯುವ ಮುಂಚೆ ಅವನ ಹರಕೆ ಕೇಳುವುದು ಅವರ ಪದ್ಧತಿಯಂತೆ.

“ನೂರು ವರ್ಷ ಅಂದಿದ್ನಲ್ಲಲೇ ಅದಕ್ಕ,” ಎಂದ ಮಾವ ಸಣ್ಣ ದನಿಯಲ್ಲಿ. ಆದರೂ ಕಿವಿಯನ್ನು ಕತ್ತರಿಸಿ ಮೊದಲು ಆ ಮಗುವಿಗೆ ಕೊಟ್ಟ. ಅದೂ ಅವರ ಪದ್ಧತಿಯೇ ಆಗಿತ್ತಂತೆ. ಅಜ್ಜಿಗೆ ಬಹಳ ಸಂತೋಷವಾಯಿತು.

ಮರುದಿನ ಬೆಳಿಗ್ಗೆ

ಎದ್ದು ಹೊರಗೆ ಬಂದರೆ ಮಾವ ಆಗಲೇ ಹಟ್ಟಿಯ ಹತ್ತಿರ ನಿಂತಿದ್ದ. ಮಂದೆ ಹೊರಟಿತ್ತು. ಹಿಂದೆ ಒಂದು ಎಳೆಯ ಹೆಣ್ಣು ಕುರಿ ಉಳಿದಿತ್ತು. ತಲೆ ಬಲಕ್ಕೆ ವಾಲಿಸಿ ಬಲಕ್ಕೇ ಸುತ್ತುತ್ತಿತ್ತು, ಒಂದು ಸುತ್ತು, ಇನ್ನೊಂದು ಸುತ್ತು. ಅದರ ಕಾಲ ಕೆಳಗೆ ಹುಲ್ಲು ತುಳಿದು ದುಂಡನೆಯ ಗುರುತು ಬಿದ್ದಿತ್ತು.

ಬಾಗಿಲಲ್ಲಿ ಅತ್ತೆ ಸೊಸೆಗೆ ವಾದ ನಡೆದಿತ್ತು. ಆಯ್ಗುಲ್ ಹೇಳಿದಳು: ಬೂರುಲ್ ಇವತ್ತೇ ಇದನ್ನು ಕಡಿಯಬೇಕು ಅನ್ನುತ್ತಾಳೆ, ಮಂದೆಯ ಹಿಂದೆ ಉಳಿದದ್ದು ಹೇಗೂ ತೋಳದ ಬಾಯಿಗೆ. ಜಿಪಾರ್ ಬೇಡ ಅನ್ನುತ್ತಾಳೆ. ಹೋದ ವರ್ಷ ಅವಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು, ಬದುಕಿ ಮನೆಗೆ ಬಂದ ದಿನ ಅತ್ತೆಯೇ ಕೊಟ್ಟ ಮರಿ ಇದು. ತನ್ನ ಜೀವದ ಜೊತೆ ಇದರ ಜೀವ ಕಟ್ಟಿದೆ ಅಂತ ಅವಳ ನಂಬಿಕೆ.

ಜಿಪಾರ್ ನಮ್ಮ ಕಡೆ ತಿರುಗಿ, ಅಂಗಿಯ ಮೇಲಿಂದಲೇ ಪಕ್ಕೆಯ ಕೆಳಗೆ ಬೆರಳಿನಿಂದ ಉದ್ದನೆಯ ಗೆರೆ ಎಳೆದು ತೋರಿಸಿದಳು. ಈಲಿ, ಡಾಕ್ಟರು ಲಿವರ್ ಅನ್ನುವುದು, ಇರುವ ಜಾಗ.

ಮಾವನಿಗೆ ಅಷ್ಟು ಸಾಕಾಯಿತು. “ಕಡಿಯೋದು ಬ್ಯಾಡ ಅನ್ನಲೇ. ನಾನು ತಗೀತೀನಿ ಅನ್ನು.”

ಕುರಿಯನ್ನು ತೊಡೆಯ ನಡುವೆ ಹಿಡಿದು ಎರಡು ಹೆಬ್ಬೆರಳಿನಿಂದ ಅದರ ಬುರುಡೆಯನ್ನು ಒತ್ತುತ್ತಾ ಹೋದ. ಎಡಗಣ್ಣಿನ ಮುಂದೆ ಕೈ ಆಡಿಸಿದ, ಅದು ರೆಪ್ಪೆ ಮಿಟುಕಿಸಲಿಲ್ಲ. “ಬಲಗಡಿಗೆ ಸುತ್ತತೈತಿ, ಎಡಗಣ್ಣು ಕಾಣಂಗಿಲ್ಲ. ಚೀಲ ಬಲಕ್ಕ ಐತಿ.” ಒಂದು ಕಡೆ ಹೆಬ್ಬೆರಳು ನಿಂತಿತು. ಅಲ್ಲಿ ಎಲುಬು ಸವೆದು, ಹಸಿ ಸೋರೆಕಾಯಿಯ ಸಿಪ್ಪೆಯ ಹಾಗೆ ಒಳಕ್ಕೆ ಕುಗ್ಗುತ್ತಿತ್ತು. ಆಯ್ಗುಲ್ ತಾನೂ ಮುಟ್ಟಿ ನೋಡಿ ಹುಬ್ಬೇರಿಸಿದಳು. ತಾನು ಓದಿದ ಪ್ರಕಾರ ಚೀಲದ ಜಾಗ ಹುಡುಕಲು ಯಂತ್ರ ಬೇಕು ಎಂದಳು.

ಅವಳು ಉಣ್ಣೆ ಬೋಳಿಸಿ, ಔಷಧಿ ಹಚ್ಚಿ, ಮರಗಟ್ಟುವ ಸೂಜಿ ಹಾಕಿದಳು. ಬೂರುಲ್ ಅಜ್ಜಿ ತನ್ನ ಚಾಕು ಕೊಟ್ಟಳು. ಮಾವ ಅದನ್ನು ಕಲ್ಲಿಗೆ ಉಜ್ಜಿ, ಕುದಿಯುವ ನೀರಲ್ಲಿ ಅದ್ದಿ, “ಪರದೇಶಿ ಚೂರಿ, ಹೇಳಿದಂಗ ಕೇಳವ್ವ,” ಎಂದ. ನಾನು ಕುರಿಯ ಕಾಲು ಹಿಡಿದಿದ್ದೆ. ಚರ್ಮ ಬಿಡಿಸಿ, ಮೆತ್ತಗಾದ ಎಲುಬನ್ನು ಒಂದು ಕಾಸಿನಗಲ ಎತ್ತಿದ. ಒಳಗಿಂದ ತಿಳಿಯಾದ ಪೊರೆಯೊಂದು ಉಬ್ಬಿ ಬಂತು. ಕುರಿಯ ತಲೆಯನ್ನು ಕೆಳಕ್ಕೆ ಬಾಗಿಸಿ, ಬೆರಳಿನಿಂದ ಮೆಲ್ಲಗೆ ಎಳೆದ. ನಿಂಬೆಹಣ್ಣಿಗಿಂತ ದೊಡ್ಡದಾದ ನೀರಿನ ಚೀಲ, ಒಡೆಯದೆ, ಇಡಿಯಾಗಿ ಅವನ ಅಂಗೈಗೆ ಬಂದು ಕೂತಿತು. ಜಿಪಾರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾವ ಚೀಲವನ್ನು ಹಣೆಗೆ ಮುಟ್ಟಿಸಿ, ಸುತ್ತ ನೋಡಿ, ಆ ಮನೆಯ ನಾಯಿಯ ಕಡೆ ಎಸೆದ. ಅಕ್ತೋಶ್ ಅದರ ಹೆಸರು, ಎದೆ ಬಿಳುಪು. ಗಾಳಿಯಲ್ಲೇ ಹಿಡಿದು ನುಂಗಿತು.

ಆಯ್ಗುಲ್ ಕಿರುಚಿದ ಸದ್ದಿಗೆ ಕುರಿ ಬೆಚ್ಚಿತು.

ಅದೇ ದಿನ, ಹೊಲಿಗೆ ಹಾಕಿದ ಮೇಲೆ

ನಮ್ಮ ಕಡೆ ಮೈಲಾರಲಿಂಗಪ್ಪನಿಗೆ ನಾಯಿ ಎಂದರೆ ಬಲು ಪ್ರೀತಿ. ಮಾವನ ಲೆಕ್ಕದಲ್ಲಿ ಆ ಚೀಲ ನೆಲಕ್ಕೆ ಬೀಳಬಾರದು. ದೇವರ ನಾಯಿ ನುಂಗಿದರೆ ಬ್ಯಾನಿ ಅಲ್ಲಿಗೆ ಮುಗಿಯಿತು, ಮತ್ತೊಂದು ಕುರಿಗೆ ಹೋಗುವುದಿಲ್ಲ. ಅದಕ್ಕೆ ಅವನು ನಾಯಿಯ ಪಾಲು ಎನ್ನುತ್ತಾನೆ. ಕಲಿಯಲು ಬಂದವರಿಗೆಲ್ಲ ಚೂರಿ ಹಿಡಿಯುವುದರ ಜೊತೆಗೇ ಅದನ್ನೂ ಕಲಿಸಿದ್ದಾನೆ.

ಆಯ್ಗುಲ್ ನನ್ನೆದುರು ನಿಂತು ಒಂದೇ ಉಸಿರಿಗೆ ಹೇಳಿದಳು. ಆ ಚೀಲದ ಒಳಮೈಗೆ ನುಚ್ಚಿನ ಹಾಗೆ ಬಿಳಿ ಚುಕ್ಕಿಗಳು ಅಂಟಿರುತ್ತವೆ, ಒಂದೊಂದು ಚುಕ್ಕಿಯೂ ಒಂದೊಂದು ಹುಳದ ತಲೆ. ನಾಯಿಯ ಹೊಟ್ಟೆ ಸೇರಿದರೆ ಕರುಳಿಗೆ ಕಚ್ಚಿಕೊಂಡು ಲಾಡಿಹುಳವಾಗುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನೊಂದಿಗೆ ಹುಲ್ಲಿಗೆ ಬೀಳುತ್ತದೆ, ಕುರಿ ಆ ಹುಲ್ಲು ಮೇಯುತ್ತದೆ, ಮರಿಹುಳ ರಕ್ತದ ಜೊತೆ ಹೋಗಿ ಮತ್ತೆ ಮೆದುಳಿನಲ್ಲಿ ಚೀಲ ಕಟ್ಟುತ್ತದೆ. ನಾಯಿಗೆ ಏನೂ ಆಗುವುದಿಲ್ಲ, ಆಡಿಕೊಂಡೇ ಇರುತ್ತದೆ. ಕುರಿಯನ್ನೂ ಹುಳ ಒಮ್ಮೆಲೇ ಕೊಲ್ಲುವುದಿಲ್ಲ. ಸುತ್ತಿಸಿ, ಮಂದೆಯ ಹಿಂದೆ ಉಳಿಸಿ, ನಾಯಿಯದೋ ತೋಳದ್ದೋ ಬಾಯಿ ಬರುವವರೆಗೆ ಕಾಯುತ್ತದೆ. ಇದರ ತಂಗಿಯಂಥ ಇನ್ನೊಂದು ಹುಳ ಇದೆ, ಅದು ಕುರಿಯ ಈಲಿಯಲ್ಲಿ ಕೂರುತ್ತದೆ, ಮನುಷ್ಯರ ಈಲಿಯಲ್ಲೂ ಕೂರುತ್ತದೆ. ಜಿಪಾರ್‌ಳ ಹೊಟ್ಟೆಯಿಂದ ತೆಗೆದದ್ದು ಅದನ್ನೇ. ಅದಕ್ಕೂ ದಾರಿ ನಾಯಿಯೇ. ಹಸಿ ಈಲಿ ತಿಂದ ನಾಯಿ, ಅದರ ಮೈಸವರಿದ ಕೈ, ಕೈಯಿಂದ ಬಾಯಿ. “ಆ ಮಗುವನ್ನು ನೋಡಿ,” ಎಂದಳು.

ಮಗು ಅಕ್ತೋಶ್‌ನ ಕುತ್ತಿಗೆ ತಬ್ಬಿ ಕೂತಿತ್ತು.

“ಏನಂತಾಳಲೇ?” ಎಂದ ಮಾವ. ಕೈಯ ರಕ್ತ ಒರೆಸಿಕೊಳ್ಳುತ್ತಿದ್ದ. ಮುಖದಲ್ಲಿ ಕೆಲಸ ಗೆದ್ದ ಕಳೆ.

“ನಾಯಿಗಿ ಹೊಟ್ಟಿ ಕೆಡತೈತಂತ ಮಾವ.”

ಆಯ್ಗುಲ್ ನನ್ನನ್ನೇ ನೋಡಿದಳು. “ನಾನು ಅಷ್ಟೆಲ್ಲ ಹೇಳಿದೆ. ನಿಮ್ಮ ಭಾಷೆಯಲ್ಲಿ ಅದು ಇಷ್ಟೇ ಆಗುತ್ತದಾ?”

ಅವಳು ಹೇಳಿದ್ದರಲ್ಲಿ ನನಗೆ ಹೊಸದು ಏನೂ ಇರಲಿಲ್ಲ. ನೌಕರಿಗೆ ಸೇರಿದ ಮೊದಲ ವರ್ಷದ ತರಬೇತಿಯಲ್ಲೇ ಅದನ್ನು ಕಲಿತಿದ್ದೆ. ಕೋಗಳಿಯಲ್ಲಿ ಹೇಳಿದ್ದೇನೆ, ಕೊಟ್ಟೂರಿನ ಹಳ್ಳಿಗಳಲ್ಲಿ ಹೇಳಿದ್ದೇನೆ: ನಾಯಿಗೆ ಹಸಿ ತಲೆ, ಹಸಿ ಈಲಿ ಹಾಕಬೇಡಿ, ಸುಟ್ಟುಹಾಕಿ ಅಥವಾ ಆಳಕ್ಕೆ ಹೂಳಿ, ನಾಯಿಗೆ ಹುಳದ ಗುಳಿಗೆ ಕೊಡಿಸಿ. ಗುಡೇಕೋಟೆಗೆ ಹೋದಾಗ ಮಾತ್ರ ಮಾವನ ಮಂದೆಯ ಹತ್ತಿರ ಕೂತು, ಚಹಾ ಕುಡಿದು, ಅವನು ಚೀಲವನ್ನು ನಾಯಿಗೆ ಎಸೆಯುವುದನ್ನು ನೋಡಿ, ಎದ್ದು ಬರುತ್ತಿದ್ದೆ. ನನ್ನನ್ನು ಸಾಕಿದವನಿಗೆ, ಹತ್ತು ಜನರ ಮುಂದೆ, ನಿನ್ನ ಕೈಗುಣದಲ್ಲೇ ದೋಷವಿದೆ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಹೇಳಿದೆ. ಆಯ್ಗುಲ್ ಅಂದದ್ದನ್ನೆಲ್ಲ ಮಾವನಿಗೆ, ಒಂದೊಂದೇ ಮಾತು, ಏನನ್ನೂ ಬಿಡದೆ. ಮುಗಿದ ಮೇಲೆ ಮಾವ ಎದ್ದು ಕಂಬಳಿ ಹೊದ್ದುಕೊಂಡು ಇಳಿಜಾರಿನಲ್ಲಿ ಹೋಗಿ ಕೂತ.

ಈ ಕಡೆ ಆಯ್ಗುಲ್ ನಾಯಿಗೆ ಹುಳದ ಗುಳಿಗೆ ತಿನ್ನಿಸುವ ಕಾಳಗದಲ್ಲಿದ್ದಳು. ಬಾಲದ ಕೊಬ್ಬಿನ ತುಂಡಿನಲ್ಲಿ ಗುಳಿಗೆ ಹುದುಗಿಸಿ ಕೊಟ್ಟರೆ, ಅಕ್ತೋಶ್ ಕೊಬ್ಬು ತಿಂದು ಗುಳಿಗೆಯನ್ನು ಅವಳ ಬೂಟಿನ ಪಕ್ಕದಲ್ಲಿ ಮರ್ಯಾದೆಯಿಂದ ಇಡುತ್ತಿತ್ತು. ಮೂರನೇ ಸಲಕ್ಕೆ ಬೂರುಲ್ ಅಜ್ಜಿ ಬಂದು, ನಾಯಿಯ ದವಡೆ ಹಿಡಿದು ತೆರೆದು, ಗುಳಿಗೆಯನ್ನು ಗಂಟಲಿಗೆ ನೂಕಿ, ಮೂತಿ ಮುಚ್ಚಿ ಹಿಡಿದಳು. ನಮ್ಮ ಅತ್ತೆಯಂದಿರು ಮಕ್ಕಳಿಗೆ ಹರಳೆಣ್ಣೆ ಕುಡಿಸುವುದು ಹೀಗೆಯೇ. ಕೆಲವು ದಿನ ಇದನ್ನು ಕಟ್ಟಿಹಾಕಿ, ಹೇಲನ್ನು ಸುಡಿ ಎಂದು ಆಯ್ಗುಲ್ ಹೇಳಿದಳು. ಜಿಪಾರ್ ಮಗಳ ಕೈಯನ್ನು ಸಾಬೂನು ಹಚ್ಚಿ ಹಚ್ಚಿ ತೊಳೆಯುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ನಾನು ಮಾವನ ಪಕ್ಕ ಹೋಗಿ ಕೂತೆ. ಅವನು ಕೆಳಗಿನ ಮಂದೆಯನ್ನೇ ನೋಡುತ್ತಿದ್ದ.

“ಹುಳಕ್ಕ ಕಾಲಿಲ್ಲ ಕೊಟ್ರಾ,” ಎಂದ. “ಕುರಿ ತಲಿಯಿಂದ ನಾಯಿ ಹೊಟ್ಟಿಗಿ ತಾನಾಗೇ ಹೆಂಗ ಹೋಗ್ತೈತಿ ಅದು? ನಾನ ಹೊತ್ತಕೊಂಡು ಹೋಗೀನಿ. ಇಷ್ಟು ವರ್ಷ ನಾನ ಅದರ ಕಾಲಾಗೀನಿ.”

“ಮಾವ, ನೀನು ಎಷ್ಟು ಕುರಿ ಉಳಿಸಿಲ್ಲ...”

“ನಿನಗ ಗೊತ್ತಿತ್ತೇನು ಇದು?”

ಸುಳ್ಳು ಹೇಳಬಹುದಿತ್ತು. “ಗೊತ್ತಿತ್ತು.”

“ಎಂದಿನಿಂದ?”

“ನೌಕರಿ ಸೇರಿದಾಗಿಂದ.”

“ಮತ್ತ ಯಾಕ ಹೇಳಲಿಲ್ಲ?”

“ನಿನಗ ಬ್ಯಾಸರ ಆಗ್ತೈತಿ ಅಂತ.”

ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಕುರಿಗಿ ಬ್ಯಾಸರ ಆಗಲಿಲ್ಲೇನಲೇ?” ಎಂದ.

ನಾಲ್ಕನೆಯ ದಿನ

ಕುರಿ ಎರಡು ದಿನ ಮಲಗಿತ್ತು. ಜಿಪಾರ್ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಲು ಕುಡಿಸಿದಳು. ಮೂರನೆಯ ದಿನ ಎದ್ದು ನಿಂತಿತು, ನಾಲ್ಕನೆಯ ದಿನ ನಡೆಯಿತು. ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು, ಆದರೆ ಸುತ್ತಲಿಲ್ಲ. ಎಡಗಣ್ಣಿಗೆ ಬೆಳಕು ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದಳು ಆಯ್ಗುಲ್.

ಸುದ್ದಿ ಬೆಟ್ಟದಲ್ಲಿ ಹಬ್ಬಿತ್ತು. ಮೇಲಿನ ಬೀಡಿನವನೊಬ್ಬ ಸುತ್ತುವ ಕುರಿಯೊಂದನ್ನು ಕುದುರೆಯ ಮೇಲೆ ಅಡ್ಡ ಹಾಕಿಕೊಂಡು ಬಂದ. ಮಾವ ಚಾಕು ಮುಟ್ಟಲಿಲ್ಲ. “ಮದ್ಲ ಇವನ ನಾಯಿ ಕಟ್ಟಾಕ ಹೇಳು. ಆಮ್ಯಾಲ ಅವತ್ತು ನನಗ ಹೇಳಿದ್ದನ್ನೆಲ್ಲಾ ಇವಗ ಹೇಳು. ಒಂದೂ ಬಿಡಬ್ಯಾಡ.” ನಾನು ಹಿಂದಿಯಲ್ಲಿ ಹೇಳಿದೆ, ಆಯ್ಗುಲ್ ಅವರ ಭಾಷೆಗೆ ತಂದಳು. ಮಾವ ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದ. ಈ ಸಲ ಚೀಲವನ್ನು ಒಣಸಗಣಿಯ ಬೆಂಕಿಗೆ ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ ಅಲ್ಲೇ ನಿಂತ.

ಹೊರಡುವ ಬೆಳಿಗ್ಗೆ

ಆ ಹುಲ್ಲುಗಾವಲಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಗುಡಾರದ ಹಿಂದಿನ ಗುಡ್ಡದ ತುದಿಯಲ್ಲಿ. ಜೀಪು ಹೊರಡುವ ಮುಂಚೆ ಮಾವ, “ನಡಿ, ಊರಿಗೆ ಮಾತಾಡೋದೈತಿ,” ಎಂದು ಹತ್ತಿಯೇಬಿಟ್ಟ. ಅಲ್ಲಿಗೂ ನಮಗೂ ಗಡಿಯಾರದಲ್ಲಿ ಅರ್ಧ ಗಂಟೆಯಷ್ಟೇ ಅಂತರ. ಗುಡೇಕೋಟೆಯಲ್ಲೂ ಆಗ ಮಂದೆ ಬಿಡುವ ಹೊತ್ತು. ಅವನ ತಮ್ಮ ಸಿದ್ದಪ್ಪ ಫೋನು ಎತ್ತಿದ. ನಾನು ಸ್ಪೀಕರ್ ಹಾಕಿ ಹಿಡಿದೆ.

“ಏನಣ್ಣಾ! ಹೆಂಗದಾವ ಅಲ್ಲಿ ಕುರಿ?”

“ಚಲೋ ಅದಾವ. ಸಿದ್ದಾ, ಇಲ್ಲಿ ಕೇಳು. ಇನ್ನ ಮ್ಯಾಲ ಚೀಲ ನಾಯಿಗಿ ಹಾಕಬ್ಯಾಡ್ರಿ. ಬ್ಯಾನಿ ನಾಯಿ ಹೊಟ್ಯಾಗ ಸಾಯಂಗಿಲ್ಲಂತ, ಅಲ್ಲಿಂದ ಹುಲ್ಲಿಗಿ ಬಂದು ತಿರಗಿ ಕುರಿಗಿ ಹತ್ತತೈತಂತ. ಮನುಷ್ಯಾರಿಗೂ ಈಲ್ಯಾಗ ಅಂಥದ ಇನ್ನೊಂದು ಬರ್ತೈತಂತ. ಕಣ್ಣಾರೆ ನೋಡೀನಿ. ನಾಯಿಗಳಿಗೆಲ್ಲ ಗುಳಿಗಿ ಹಾಕಸ್ರಿ.”

ಸಿದ್ದಪ್ಪನ ದನಿ ತಗ್ಗಿತು. “ಅಣ್ಣಾ, ನಾಯಿ ಪಾಲು ಹಾಕಾಕ ಕಲಿಸಿದವ ನೀನಲ್ಲೇನು?”

“ನಾನ.”

“ಹಂಗಾರ ಇದನ್ನ ಯಾರ ಮುಂದೂ ಆಡಬ್ಯಾಡ. ನಾವ ನಾವ ಸುಮ್ನ ಬಿಟ್ಟಬಿಡೂಣು. ಐದು ತಾಲ್ಲೂಕಿನಾಗ ನಿನ್ನ ಹೆಸರೈತಿ, ಅದು ಹೋಗ್ತೈತಿ.”

ಗಾಳಿ ಜೋರಾಗಿತ್ತು. ಕೆಳಗಿನಿಂದ ಆಯ್ಗುಲ್ ಹಾರನ್ ಒತ್ತಿ ಕರೆಯುತ್ತಿದ್ದಳು. ಮಾವ ನನ್ನ ಕೈಯಿಂದ ಫೋನು ತೆಗೆದುಕೊಂಡು ಬಾಯಿಗೆ ಹತ್ತಿರ ಹಿಡಿದ.

“ಹೋಗಲಿ ಬಿಡು. ನನ್ನ ಕೈಯಾಗ ಕಲತೋರು ಅಲ್ಲಿ ಎಷ್ಟು ಮಂದಿ ಅದಾರ, ಎಲ್ಲಾರ್ನೂ ಕರಿ. ಉಳಿದ ಊರಿನೋರಿಗೆ ನಾನ ಬಂದು ಹೇಳ್ತೀನಿ. ಫೋನ್ ಇಡಬ್ಯಾಡ, ಅವರು ಬರೋತನಕ ನಾನು ನಿಂತೀನಿ.”

ಸಿದ್ದಪ್ಪ ಹಟ್ಟಿಯ ಕಡೆ ಕೂಗುತ್ತಾ ಹೋದದ್ದು ಕೇಳಿಸಿತು. ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಸಿಗ್ನಲ್ ತಪ್ಪದ ಹಾಗೆ ಎತ್ತರದ ಕಲ್ಲಿನ ಮೇಲೆ ಅಲುಗದೆ ನಿಂತ. ಆಯ್ಗುಲ್ ಮತ್ತೊಮ್ಮೆ ಹಾರನ್ ಒತ್ತಿದಳು. ನಾನು ತಡಿಯಮ್ಮಾ ಎಂದು ಕೈ ಮಾಡಿದೆ. ಅಲ್ಲಿ, ಗುಡೇಕೋಟೆಯಲ್ಲಿ, ಒಬ್ಬೊಬ್ಬರಾಗಿ ಬಂದು ಕೂರುತ್ತಿರುವ ಸದ್ದು ಫೋನಿನಲ್ಲಿ ಕೇಳತೊಡಗಿತ್ತು.